ಪಟ್ಟೆ ತಪ್ಪಿದ್ದು

ಎಂಟು ತಿಂಗಳಿಂದ ಅನಿಮೋನು ಒಂಟಿ.
ಜೊತೆಗಿದ್ದ ಮೀನು ಮುಚ್ಚಳದ ಸಂದಿನಿಂದ ಹಾರಿ
ನೆಲದ ಮೇಲೆ ಒಣಗಿ ಸಿಕ್ಕಿತ್ತು.
ಹೂವೆಂದರೆ ಹೂವಲ್ಲ ಇದು,
ಉಣ್ಣುವುದಕ್ಕೂ ಉಗುಳುವುದಕ್ಕೂ ಒಂದೇ ಬಾಯಿ, ಮುಟ್ಟಿದರೆ ಉರಿ;
ಅಮ್ಮಿ ಇಟ್ಟ ಹೆಸರು ಅತ್ತೆಮ್ಮ.

ಕಡಲು ಕಂಡವಳಲ್ಲ ನಾನು.
ಆದರೆ ಉಪ್ಪು, ಮರಳು ನಮ್ಮ ಮನೆಯ ಕಸುಬು.
ಉಪ್ಪುಂಡ ಅಕ್ಕಿ ಕಾದ ಮರಳಿಗೆ ಬಿದ್ದು
ಮಂಡಕ್ಕಿಯಾಗಿ ಏಳುವುದನ್ನು ನೋಡುತ್ತ ಬೆಳೆದವಳಿಗೆ
ಭದ್ರಾ ಚಾನಲ್ಲಿನ ನೀರು ಸೋಸಿ, ಉಪ್ಪು ಕದಡಿ
ಮೂರಡಿ ಗಾಜಿನೊಳಗೆ ಸಮುದ್ರ ಮಾಡುವುದು
ಅಂಥ ದೊಡ್ಡ ಮಾತೇನಲ್ಲ.
ಮಾಪಕದ ಮುಳ್ಳಿಗಿಂತ ಮೊದಲು
ನಾಲಗೆಗೆ ಗೊತ್ತಾಗುತ್ತದೆ.

ಮಂಗಳವಾರ ತಿಪ್ಪೇಶಿಯ ಫೋನು:
"ಮದ್ರಾಸಿನ ಬಸ್ಸಿಗೆ ಡಬ್ಬಿ ಬಂದೈತಿ ಮುಬೀನಕ್ಕಾ,
ಕೋಡಂಗಿ ಮೀನು, ಆರು. ಲಗೂನ ಬರ್ರಿ,
ಮೆಡಿಕಲ್ ಹುಡುಗ್ರು ಬಂದ್ರೆ ಒಂದೂ ಉಳಿಯಂಗಿಲ್ಲ."

ಥರ್ಮಕೋಲಿನ ಮುಚ್ಚಳ ತೆಗೆದರೆ
ನಾಲ್ಕು, ಎಲ್ಲರೂ ಕಂಡ ಕಿತ್ತಳೆ,
ಮೂರು ಬಿಳಿ ಪಟ್ಟೆ, ಟೇಪು ಹಿಡಿದು ಎಳೆದ ಹಾಗೆ.
ಒಂದು ಇದ್ದಿಲುಗಪ್ಪು, ಬೆಲೆ ಎರಡರಷ್ಟು.
ಇನ್ನೊಂದಕ್ಕೆ

ಪಟ್ಟೆ ತಪ್ಪಿತ್ತು.
ಕೆನ್ನೆಯಿಂದ ಸರಿಯಾಗಿಯೇ ಹೊರಟ ಬಿಳಿ
ನಡುವಿಗೆ ಬರುವಷ್ಟರಲ್ಲಿ ಮರೆತುಹೋಗಿ
ಬೆನ್ನ ಮೇಲೆ ಹಾಲಿನ ಹನಿ ಒಂದು,
ಬಾಲದ ಬುಡಕ್ಕೆ ಅರ್ಧ ಉಂಗುರ,
ಸುಣ್ಣ ಬಳಿಯುವವನು ಊಟಕ್ಕೆ ಎದ್ದುಹೋದ ಗೋಡೆ.

"ಅದು ಬ್ಯಾಡ್ರಿ, ಸೆಕೆಂಡ್ಸ್ ಮಾಲು.
ಬೇಕಂದ್ರ ಅರ್ಧ ರೇಟಿಗೆ..."
ಅಷ್ಟರಲ್ಲಿ ನನ್ನ ಎಡಗೈ ಗಾಜಿನ ಮೇಲಿತ್ತು,
ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಇಳಿದಿರುವ ಬಿಳಿ,
ಕಿರುಬೆರಳೊಂದು ಬಿಟ್ಟು.
ಅವನು ಕೈ ನೋಡಿದ. ಮೀನು ನೋಡಿದ.
ಬಲೆಯ ಹಿಡಿಕೆಯನ್ನು ಸುಮ್ಮನೆ ಒರೆಸತೊಡಗಿದ.

ಅದಕ್ಕಲ್ಲವೋ ಮಾರಾಯ.
ತಿನ್ನಿಸಿ ತೋರಿಸು, ಅಂದೆ.
ಸಿಗಡಿ ಚೂರು ಉದುರಿಸಿದ.
ನಾಲ್ಕೂ ಮೂಲೆ ಹಿಡಿದವು, ಕಪ್ಪು ಉಗುಳಿತು,
ಇದು ಮಾತ್ರ ಚಮಚದ ತನಕ ಬಂದು
ಚಮಚವನ್ನೇ ಕಚ್ಚಿತು.
ಅದಕ್ಕೆ.

ನನ್ನನ್ನು ನೋಡಿಹೋದ ಮೂರು ಮನೆಯವರಲ್ಲಿ
ಒಬ್ಬರೂ ಕೇಳಿರಲಿಲ್ಲ, ನಿನಗೆ ಊಟಕ್ಕೆ ಏನು ಇಷ್ಟ ಅಂತ.

ಪೂರ್ತಿ ರೇಟೇ ಕೊಟ್ಟೆ.

ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸೊಂದು, ಹಿಂದೆಯೇ ಇನ್ನೊಂದು.
ಆಟೋದಲ್ಲಿ, ಬುರ್ಖಾದೊಳಗೆ ಕವರು,
ಕವರೊಳಗೆ ಗೇಣುದ್ದ ಸಮುದ್ರ
ಹೊಟ್ಟೆಗೆ ತಗುಲಿ ಮಿಸುಕುತ್ತಿತ್ತು.
ಪಕ್ಕದ ಹೆಂಗಸು, "ಎಷ್ಟು ತಿಂಗಳವ್ವಾ?"
ಮೀನು, ಅಂದೆ.
ನಂಬಲಿಲ್ಲ.

ಹನ್ನೆರಡು ದಿನ
ಅತ್ತೆಮ್ಮನ ಕಡೆ ತಿರುಗಿಯೂ ನೋಡದೆ
ಹೀಟರಿನ ಬೆನ್ನಿಗೆ ಒರಗಿ ಮಲಗಿತು.
"ಸಂಬಂಧ ಕೂಡಲಿಲ್ಲ, ಬಿಡು," ಅಮ್ಮಿ.
ಹದಿಮೂರನೆಯ ರಾತ್ರಿ ಕರೆಂಟು ಹೋಗಿ
ನೀರು ನಿಂತಿತು. ಹಲ್ಲಲ್ಲಿ ಟಾರ್ಚು ಕಚ್ಚಿ
ಕೈಯಲ್ಲೇ ಅಲೆ ಎಬ್ಬಿಸುತ್ತ ಕೂತೆ,
ಎಷ್ಟು ಹೊತ್ತಿಗೆ ಕಣ್ಣು ಹತ್ತಿತೋ,
ಫಜರಿನ ಬಾಂಗಿಗೆ ಎದ್ದರೆ
ಕಲ್ಲು ಬರಿದು.

ಎದೆ ಧಸಕ್ಕೆಂದಿತು. ಪಂಪಿನ ಬಾಯಿ ತಡವಿದೆ, ಅಲ್ಲಿಲ್ಲ.
ಒಂಟಿಕಾಲಿನ ಮುದುಕಿ
ಕತ್ತಲಲ್ಲಿ ಗಾಜು ಹಿಡಿದು ನಡೆದುಬಂದು
ಹೀಟರಿಗೆ ನಾಲ್ಕು ಬೆರಳು ದೂರ
ಕಾಲೂರಿ ಕೂತಿದ್ದಳು, ಕೂದಲು ಬಿಚ್ಚಿಕೊಂಡು.

ಹೀಟರು ಆರಿಸಿದೆ. ಶಿವರಾತ್ರಿ ಕಳೆದಿದೆ,
ಚಳಿ ಶಿವಶಿವಾ ಅಂತ ಹೋಗಿದೆ.

ಈಗ ಅದು ಬಾಲ ಮಾತ್ರ ತಾಕಿಸುತ್ತದೆ,
ಚುರುಕ್ಕೆಂದು ಹಾರುತ್ತದೆ,
ಒಂದು ಸುತ್ತು ಹಾಕಿ ಬಂದು
ಮತ್ತೆ ಅದೇ ಅರ್ಧ ಉಂಗುರ.
ಹೀಗೇ ಲೋಳೆ ಮೈಗೂಡುತ್ತದಂತೆ,
ಎಷ್ಟು ದಿನವೆಂದು ತಿಪ್ಪೇಶಿಗೂ ಗೊತ್ತಿಲ್ಲ.

ಭಟ್ಟಿಯಿಂದ ಕೂಗುತ್ತಿದ್ದಾರೆ, ಮರಳು ಕಾದಿದೆ.
ಹೋಗಬೇಕು.
ಇನ್ನೊಂದು ಸಲ ತಾಕಲಿ.